ಸೋಮವಾರದ ಕರದಂಟು

ಊರಿಂದ ಬರುವಾಗ ತಮ್ಮ ಕರದಂಟು ತಂದಿದ್ದ. ಪೊಟ್ಟಣ ಬಿಚ್ಚಿದ ಕೂಡಲೇ ತುಪ್ಪದಲ್ಲಿ ಹುರಿದ ಅಂಟಿನ ವಾಸನೆ ಮನೆ ತುಂಬಿತು. ಎಲ್ಲರ ಬಾಯಲ್ಲಿ ನೀರೂರಿತು, ನಾನು ಮಾತ್ರ ತುಂಡು ಮುಟ್ಟಲಿಲ್ಲ. ಮಗರಪಟ್ಟಾದ ಸಾಫ್ಟ್‌ವೇರ್ ಆಫೀಸಿನ ನನ್ನ ಮೊದಲ ಟೀಮ್ ಲೀಡ್ ನೆನಪಾದರು...

ನಮ್ಮ ಬೆಳಗಾವಿ ಕಡೆಯವರೇ, ನಾನು ಅಕ್ಕಾವ್ರು ಅನ್ನುತ್ತಿದ್ದೆ. ಸೋಮವಾರದ ಮೀಟಿಂಗಿಗೆ ಸ್ಟೀಲ್ ಡಬ್ಬಿಯಲ್ಲಿ ಕರದಂಟು ತರುತ್ತಿದ್ದರು. ವಾರದಲ್ಲಿ ತಾವು ಮಾಡಿದ ತಪ್ಪು ಹೇಳಿದವರಿಗೆ ಒಂದು ತುಂಡು. ಮೊದಲು ಅವರೇ ತಮ್ಮದು ಹೇಳಿ, ದೊಡ್ಡ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮರಾಠಿ ಹುಡುಗರಂತೂ ತುಂಡಿನ ಆಸೆಗೆ ಇಲ್ಲದ ತಪ್ಪನ್ನೂ ಹುಟ್ಟಿಸಿ ಹೇಳುತ್ತಿದ್ದರು. ಅಷ್ಟು ನಿರ್ಭಯವಾಗಿ ನಾನು ಮತ್ತೆಲ್ಲೂ ಕೆಲಸ ಮಾಡಿಲ್ಲ.

ಆಮೇಲೆ ಹೊಸ ಮ್ಯಾನೇಜರ್ ಬಂದರು. ಅದೇ ಹೊತ್ತಿಗೆ, ನಾನು ಪರೀಕ್ಷಿಸದೆ ಬಿಟ್ಟ ಒಂದು ಕೋಡ್ ಬದಲಾವಣೆಯಿಂದ ಗಿರಾಕಿ ಕಂಪನಿಯ ಪಾರ್ಸಲ್‌ಗಳು ಯಾರ್ಯಾರದೋ ಮನೆಗೆ ಹೋದವು. ಬೆಳಿಗ್ಗೆಯೇ ಅಕ್ಕಾವ್ರಿಗೆ ಹೇಳಿದೆ. “ಮೀಟಿಂಗಿನ್ಯಾಗ ನೀನ ಹೇಳು. ನಾ ಬಾಜೂಕ ಇರ್ತೀನಿ,” ಅಂದರು.

ಮ್ಯಾನೇಜರ್ ನೋಟ್‌ಬುಕ್ ತೆರೆದು, “ಕೋಣಾಚೀ ಚೂಕ್?” ಎಂದು ಮರಾಠಿಯಲ್ಲಿ ಕೇಳಿದರು. ಯಾರ ತಪ್ಪು? ಅಕ್ಕಾವ್ರು ನನ್ನತ್ತ ನೋಡಿದರು, ಕಾದರು... ಮಾತು ಬರುತ್ತಿತ್ತು, ನಾನೇ ಆಡಲಿಲ್ಲ. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಕೊನೆಗೆ ಅವರೇ, ತಪ್ಪು ನನ್ನದು, ನೋಡಿ ಒಪ್ಪಿದವಳು ನಾನು, ಅಂದುಬಿಟ್ಟರು.

ತಿಂಗಳೊಳಗೆ ಅವರನ್ನು ಕೆಲಸದಿಂದ ತೆಗೆದರು. ಹೊರಡುವ ದಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, “ಸೋಮವಾರ ತಪ್ಪಿಸಬ್ಯಾಡಪಾ,” ಅಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಮೇಲೆ ಒಂದು ಫೋನನ್ನೂ ಮಾಡಲಿಲ್ಲ ನಾನು. ಮಾಡುವ ಮನಸ್ಸಾಗುವ ಹೊತ್ತಿಗೆ ಅವರ ನಂಬರು ಬೇರೆ ಯಾರದೋ ಆಗಿತ್ತು...

ಈಗ ನಾನೇ ಲೀಡ್. ತಮ್ಮ ತಂದ ಕರದಂಟನ್ನು ಅದೇ ಡಬ್ಬಿಗೆ ತುಂಬಿಕೊಂಡು ಈ ಸೋಮವಾರ ಹೋದೆ, ಪದ್ಧತಿ ವಿವರಿಸಿದೆ. ಮೊದಲು ಲೀಡ್ ಹೇಳಬೇಕಲ್ಲ. ಪಾರ್ಸಲ್ಲಿನ ಕಥೆ ನಾಲಿಗೆಯ ತುದಿಗೆ ಬಂತು. ಹೇಳಿದ್ದು ಮಾತ್ರ, ಒಂದು ಮೇಲ್‌ಗೆ ತಡವಾಗಿ ಉತ್ತರಿಸಿದೆ ಎಂದು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕಣ್ಣುಗಳು ಬೆಳಿಗ್ಗೆಯಿಂದ ಕೆಂಪಗಿದ್ದವು. ನಾನು ಹೆದರಿದ್ದು ಅವಳಿಗೆ ಕಂಡಿರಬೇಕು. “ಸಬ್ ಠೀಕ್ ಹೈ, ಸರ್,” ಅಂದಳು. ಮಿಕ್ಕವರೂ ಹಾಗೇ, ಎಲ್ಲ ಸರಿಯಿದೆ ಅಂದರು.

ತುಂಬಿದ ಡಬ್ಬಿಯನ್ನು ಮನೆಗೆ ವಾಪಸು ತಂದೆ.