ಫ್ಲಾವಿಗೆಂದು ಕಾಯಿಸಿದ ಕೋಣೆ

ಆ ಜನವರಿಯಲ್ಲಿ ಲಿಯೋನಾ ತೆರಿಯೋ ದಿನಕ್ಕೆ ಎಷ್ಟು ಸಲ ಹಿಂದಿನ ಕೋಣೆಗೆ ಹೋಗಿ ಗೋಡೆ ಮುಟ್ಟಿ ನೋಡುತ್ತಿದ್ದಳೋ ದೇವರಿಗೇ ಗೊತ್ತು. ಸೇಂಟ್ ಜಾನ್ ನದಿ ಹೆಪ್ಪುಗಟ್ಟಿ, ಆಚೆ ದಡದ ಕೆನಡಾ ಯಾವುದು, ಈಚೆ ದಡದ ಅಮೆರಿಕದ ಮೇನ್ ಯಾವುದು ಎಂದು ತಿಳಿಯದಷ್ಟು ಬೆಳ್ಳಗಾಗಿತ್ತು. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕುವ, ಹೆಡ್‌ಮಾಸ್ತರರನ್ನೇ ಗದರಿಸುವ ಹೆಂಗಸು ಅವಳು. ಅಂಥವಳು ಈಗ ಒಂದು ಗೋಡೆಗೆ ಹೆದರುತ್ತಿದ್ದಳು.

ಕಾರಣ ಫ್ಲಾವಿ. ಲಿಯೋನಾಳ ತಂಗಿಯ ಮಗಳು ಹೆತ್ತು, ಸಾಕಲಾರೆ ಎಂದು ಬಿಟ್ಟುಹೋದ ಕೂಸು. ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಳೆದು, ಈಗ ಮನೆಗೆ ಬರುವಷ್ಟಾಗಿತ್ತು. ಮಕ್ಕಳಿಲ್ಲದ ಲಿಯೋನಾ ಹಿಂದೆಮುಂದೆ ನೋಡದೆ ನನಗೆ ಕೊಡಿ ಎಂದಿದ್ದಳು. ಸರ್ಕಾರದ ಕಡೆಯಿಂದ ಮನೆ ನೋಡಲು ಬಂದ ಮಿಸ್ ಹ್ಯಾಡ್ಲಿ, ಹಿಂದಿನ ಕೋಣೆಯಲ್ಲಿ ತೊಟ್ಟಿಲ ಪಕ್ಕ ನಿಂತು ಉಸಿರು ಬಿಟ್ಟಳು. ಉಸಿರು ಆವಿಯಾಗಿ ಕಾಣಿಸಿತು.

"ಹಾಲ್‌ನಲ್ಲಿ ಬೆವರುತ್ತೆ, ಇಲ್ಲಿ ನಡುಗುತ್ತೆ. ಮಗು ಎಳೇದು, ಮಿಸೆಸ್ ತೆರಿಯೋ. ಒಲೆ ಪಕ್ಕ ಮಲಗಿಸೋ ಹಾಗಿಲ್ಲ. ಈ ಕೋಣೆನೂ ಹಾಲ್‌ನಷ್ಟೇ ಬೆಚ್ಚಗಿರ್ಬೇಕು. ಗುರುವಾರ ಮಧ್ಯಾಹ್ನ ಬರ್ತೀನಿ. ಆಗದಿದ್ರೆ ಬ್ಯಾಂಗರ್‌ನಲ್ಲಿ ಒಂದು ಮನೆಯವರು ಕಾಯ್ತಿದ್ದಾರೆ." ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು: "ಅವತ್ತು ನಿಮ್ಮ ಯಜಮಾನ್ರೂ ಮನೇಲಿರ್ಲಿ. ಅವರ ಬಾಯಿಂದಾನೂ ಒಪ್ಪಿಗೆ ಕೇಳ್ಬೇಕು."

ಈ ಎರಡನೆಯ ಮಾತೇ ಲಿಯೋನಾಳ ಎದೆಗೆ ಹೆಚ್ಚು ಚುಚ್ಚಿದ್ದು. ಗಂಡ ರೊಜೇರ್ ಮರದ ದಿಮ್ಮಿ ಹೊರುವ ಲಾರಿಯ ಡ್ರೈವರ್. ಮಾತೆಂದರೆ ಅವನಿಗೆ ಹಲ್ಲು ಕೀಳಿಸಿದಷ್ಟು ಕಷ್ಟ. ಮಗುವಿನ ಸುದ್ದಿ ಹೇಳಿದ ದಿನ, "ನಮ್ಮ ವಯಸ್ಸಿಗೆ ಇದೆಲ್ಲಾ ಬೇಕಾ?" ಎಂದು ಒಂದೇ ಮಾತು ಆಡಿ ಟೋಪಿ ಹಾಕಿಕೊಂಡು ಅಂಗಳಕ್ಕೆ ಹೋಗಿದ್ದ. ಆಮೇಲೆ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಮನೆಯಲ್ಲಿ ಬೆಂಕಿ ಎರಡು. ನೆಲಮಾಳಿಗೆಯಲ್ಲಿ ಎಣ್ಣೆ ಸುಟ್ಟು ಕೋಣೆ ಕೋಣೆಗೂ ಬಿಸಿಗಾಳಿ ಊದುವ ಮುದಿ ಫರ್ನೇಸ್. ಇಂಥ ಚಳಿಯನ್ನು ಅದೊಂದೇ ತಾಳಲಾರದು ಎಂದು ಹಾಲ್‌ನಲ್ಲಿ ಹೊಸದಾಗಿ ಇಟ್ಟ ಪೆಲೆಟ್ ಒಲೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಅದು ಒಂದೊಂದಾಗಿ ನುಂಗಿ ಉರಿಯುತ್ತಿತ್ತು. ಫರ್ನೇಸಿಗೆ ಹೊತ್ತಿಕೋ ಎನ್ನುವ ಥರ್ಮೋಸ್ಟಾಟ್ ಇರುವುದೂ ಅದೇ ಹಾಲ್‌ನ ಗೋಡೆಯಲ್ಲಿ. ಒಲೆಯಿಂದ ಹಾಲ್ ಬೆಚ್ಚಗಾಯಿತೆಂದರೆ ಥರ್ಮೋಸ್ಟಾಟ್ ಮನೆಯೆಲ್ಲ ಬೆಚ್ಚಗಿದೆ ಎಂದು ನಂಬಿ ಫರ್ನೇಸನ್ನು ಮಲಗಿಸಿಬಿಡುತ್ತಿತ್ತು. ಹಿಂದಿನ ಕೋಣೆಯ ಕಿಟಕಿಯಲ್ಲಿ ಒಳಗಿನಿಂದಲೇ ಮಂಜು ಕಟ್ಟುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.

ಲಿಯೋನಾ ಒಲೆಯ ಮುಂದೆ ಫ್ಯಾನ್ ಇಟ್ಟು ಬಿಸಿಗಾಳಿಯನ್ನು ಕೋಣೆಗೆ ತಳ್ಳಿ ನೋಡಿದಳು. ಏನೂ ಆಗಲಿಲ್ಲ. ಒಲೆಯನ್ನು ಕೂರಿಸಿಕೊಟ್ಟ ಮೈದುನ ಕಾನ್ರಾಡ್ ಬಂದವನು ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತಿಗೆ, ತುಂಬಿದ ಕೊಡಕ್ಕೆ ನೀರು ಹೊಯ್ತಾ ಇದ್ದೀಯಲ್ಲ! ಕೋಣೆ ತುಂಬಾ ತಣ್ಣನೆ ಗಾಳಿ ಕೂತಿದೆ. ಮೊದ್ಲು ಅದನ್ನ ಓಡಿಸು. ಫ್ಯಾನ್‌ನ ಕೋಣೇಲಿ ನೆಲದ ಮೇಲಿಟ್ಟು ಹಾಲ್ ಕಡೆ ಊದಿಸು. ತಣ್ಣಂದು ಕೆಳಗಿಂದ ಹೊರಗ್ಹೋಗುತ್ತೆ, ಬಿಸೀದು ಮೇಲಿಂದ ತಾನಾಗೇ ಬರುತ್ತೆ. ಫರ್ನೇಸ್ ಹೊತ್ತದಿದ್ರೂ ಅದರ ಗಾಳಿಚಕ್ರ ಮಾತ್ರ ಹಗಲೂ ರಾತ್ರಿ ತಿರುಗ್ತಿರ್ಲಿ."

"ನಿನ್ನ ಮಾತು ನಂಬಿ ಮಗು ಕಳ್ಕೊಂಡ್ರೆ ನಿನ್ನ ಮನೇಲೇ ಬಂದು ಕೂರ್ತೀನಿ, ನೋಡ್ಕೋ."

"ಬಾ, ಬಾ. ಅಡುಗೆಗೆ ಜನ ಬೇಕಾಗಿತ್ತು."

ಬುಧವಾರದ ಹೊತ್ತಿಗೆ ಕಿಟಕಿಯ ಮಂಜು ಕರಗಿ ನೀರಾಯಿತು. ಲಿಯೋನಾ ಗೋಡೆಗೆ ಕೆನ್ನೆಯಿಟ್ಟು ನಿಂತಳು. ಅವಳಿಗೆ ಅಳು ಬಂತು. ಕೋಣೆ ನೋಡು ಬಾ ಎಂದು ಗಂಡನನ್ನು ಕರೆದರೆ ಅವನು ಕತ್ತಲಾಗುವವರೆಗೂ ಹೊರಗೇ ಏನೋ ಎಳೆದಾಡುತ್ತಿದ್ದ. ಮಾತು ತಪ್ಪಿಸಿಕೊಳ್ಳಲು ಎಂಥ ಉಪಾಯ ಎಂದುಕೊಂಡು ಅವಳು ಒಬ್ಬಳೇ ಉಂಡಳು.

ಗುರುವಾರ ಬೆಳಿಗ್ಗೆ ಅವನು ಲಾರಿ ಹತ್ತಿ ಹೋದ ಮೇಲೆ ಒಲೆಗೆ ರೋಗ ಬಡಿಯಿತು. ಚುರುಕಾಗಿ ಕುಣಿಯುವ ಉರಿ ಸೋಮಾರಿಯಾಗಿ ತೂಗಾಡತೊಡಗಿತು. ಗಾಜು ಕಪ್ಪಾಯಿತು, ಹಾಲ್‌ನಲ್ಲಿ ಹೊಗೆಯ ವಾಸನೆ ಬಂತು. ಎಳೆ ಶ್ವಾಸಕೋಶದ ಮಗು ಬರಬೇಕಾದ ಮನೆಯಲ್ಲಿ ಹೊಗೆ! ಅವಳು ಒಲೆ ಆರಿಸಿ, ಬೂದಿ ಕೆರೆದು, ಮತ್ತೆ ಹೊತ್ತಿಸಿದಳು. ಮತ್ತೆ ಅದೇ. ಕೆಳಗೆ ಫರ್ನೇಸ್ ಏದುಸಿರು ಬಿಡುತ್ತ ದುಡಿದರೂ ಮನೆ ತಣ್ಣಗಾಗುತ್ತಲೇ ಹೋಯಿತು. ಫೋನಿನಲ್ಲಿ ಕಾನ್ರಾಡ್ ಕೇಳಿದ್ದು ಒಂದೇ ಮಾತು: "ಒಲೆಗೆ ಹೊರಗಿಂದ ಗಾಳಿ ತರೋ ಕೊಳವೆ ಇದ್ಯಲ್ಲ, ಅದು ತೆರೆದಿದ್ಯಾ ನೋಡಿದ್ಯಾ?"

ಅವಳು ಕೋಟಿನ ಗುಂಡಿಯನ್ನೂ ಹಾಕದೆ ಹಿತ್ತಿಲಿಗೆ ಓಡಿದಳು. ಚಳಿಗೆ ಮೊದಲು, ಗಾಳಿ ಒಳನುಗ್ಗದಂತೆ, ಮನೆಯ ಬುಡಕ್ಕೆ ಸ್ಪ್ರೂಸ್ ಮರದ ಕೊಂಬೆ ಒಟ್ಟುವುದು ಆ ಕಣಿವೆಯಲ್ಲಿ ಅಜ್ಜನ ಕಾಲದ ಪದ್ಧತಿ. ಎಲ್ಲರ ಮನೆಯಲ್ಲೂ ಮೊಣಕಾಲಷ್ಟು ಎತ್ತರ. ಆದರೆ ಹಿಂದಿನ ಕೋಣೆಯ ಕೆಳಗೆ ಹೊಸ ಕೊಂಬೆಗಳು ಕಿಟಕಿಯವರೆಗೆ ಏರಿದ್ದವು. ಮೂಲೆ ತಿರುಗಿ ಹಾಲ್‌ನ ಗೋಡೆಗೂ ಹಬ್ಬಿದ್ದವು. ಮೇಲೆ ಸಲಿಕೆಯಿಂದ ತಟ್ಟಿ ತಟ್ಟಿ ಕೂರಿಸಿದ ಹಿಮ. ಅದರಡಿಯಲ್ಲೆಲ್ಲೋ ಕೊಳವೆಯ ಬಾಯಿ. ನಿನ್ನೆ ಕತ್ತಲಾಗುವವರೆಗೂ ರೊಜೇರ್ ಮಾಡುತ್ತಿದ್ದದ್ದು ಇದನ್ನೇ.

"ಅಯ್ಯೋ ಪೆದ್ದ! ಹೇಳಿ ಮಾಡಬಾರದಿತ್ತಾ?" ಎಂದು ಗಟ್ಟಿಯಾಗಿ ಕೂಗುತ್ತ ಅವಳು ಕೊಂಬೆ ಕಿತ್ತಳು. ಬೈಯುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಕೈ ಗೀರಿ ರಕ್ತ ಬಂತು. ಕೊಳವೆಯ ಬಾಯಿ ಕಂಡಾಗ ಅಂಗಳದಲ್ಲಿ ಮಿಸ್ ಹ್ಯಾಡ್ಲಿಯ ಕಾರು ನಿಂತಿತ್ತು.

ಒಳಗೆ ಬಂದ ಮಿಸ್ ಹ್ಯಾಡ್ಲಿ ಮೂಗು ಅರಳಿಸಿ ವಾಸನೆ ಹಿಡಿದಳು. ಕೋಟು ತೆಗೆಯಲಿಲ್ಲ. ಲಿಯೋನಾ ಒಲೆಯನ್ನು ಮತ್ತೊಮ್ಮೆ ಹೊತ್ತಿಸಿ ಮಂಡಿಯೂರಿ ಕೂತಿದ್ದಾಗ ರೊಜೇರ್ ಬಂದ. ಕಪ್ಪು ಗಾಜು, ಹೆಂಡತಿಯ ಕೈಯ ರಕ್ತ ಎರಡನ್ನೂ ನೋಡಿದ.

"ಏನಾಯ್ತು?"

"ನೀನು ಒಟ್ಟಿದ ಕೊಂಬೆ ಒಲೆಯ ಉಸಿರು ಕಟ್ಟಿಸ್ತು."

ಅವನು ಟೋಪಿ ತೆಗೆಯುವುದನ್ನೂ ಮರೆತು ಮಿಸ್ ಹ್ಯಾಡ್ಲಿಯ ಕಡೆ ತಿರುಗಿದ. "ಹಾಗಾದ್ರೆ ಮಗು ಕೊಡಲ್ವಾ? ತಪ್ಪು ನಂದು ಮೇಡಂ, ಇವಳದ್ದೇನೂ ಇಲ್ಲ. ಗೋಡೆ ಬಿಚ್ಚಿ ಬೇರೆ ಕಟ್ಟು ಅಂದ್ರೂ ಕಟ್ತೀನಿ. ಬ್ಯಾಂಗರ್‌ಗೆ ಮಾತ್ರ ಕಳಿಸ್ಬೇಡಿ. ಅದು ನಮ್ದು."

ಮದುವೆಯಾದಾಗಿನಿಂದ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಲಿಯೋನಾ ಕೇಳಿರಲಿಲ್ಲ.

"ನಿಮ್ಮನ್ನ ಒಂದು ಪ್ರಶ್ನೆ ಕೇಳ್ಬೇಕು ಅಂತಿದ್ದೆ, ಮಿಸ್ಟರ್ ತೆರಿಯೋ. ಇನ್ನು ಬೇಡ ಬಿಡಿ," ಎಂದಳು ಮಿಸ್ ಹ್ಯಾಡ್ಲಿ. "ಆದ್ರೆ ಕೋಣೆ ಬೆಚ್ಚಗಾಗ್ದೆ ನಾನು ಏಳಲ್ಲ."

ಉರಿ ಮೆಲ್ಲಗೆ ಹಳದಿಯಾಗಿ ಕುಣಿಯತೊಡಗಿತು. ಕಿಟಕಿ ತೆರೆದು ಹೊಗೆಯ ವಾಸನೆ ಕಳೆದರು. ನೆಲದ ಫ್ಯಾನ್ ತಣ್ಣನೆಯ ಗಾಳಿಯನ್ನು ಹೊರಕ್ಕೆ ನೂಕುತ್ತಲೇ ಇತ್ತು. ಮೂವರೂ ಬಕ್‌ವೀಟ್ ದೋಸೆ ತಿಂದರು. ಯಾರಿಗೂ ರುಚಿ ತಿಳಿಯಲಿಲ್ಲ. ಹೊತ್ತು ಇಳಿಯುವಾಗ ಮಿಸ್ ಹ್ಯಾಡ್ಲಿ ಉಷ್ಣಮಾಪಕ ಹಿಡಿದು ಹಿಂದಿನ ಕೋಣೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೋಟು ಅವಳ ತೋಳಿನ ಮೇಲಿತ್ತು.

"ನಾಳೆ ಇಬ್ರೂ ಆಸ್ಪತ್ರೆಗೆ ಬನ್ನಿ. ಕರ್ಕೊಂಡು ಹೋಗೋಕೆ."

ಕಾರು ಹೋದ ಮೇಲೆ ರೊಜೇರ್ ತೊಟ್ಟಿಲ ಪಕ್ಕ ನಿಂತು ತನ್ನ ಒರಟು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಲಿಯೋನಾ, ಅಷ್ಟು ಪುಟ್ಟದನ್ನ ಎತ್ಕೊಳ್ಳೋದು ಹೆಂಗೆ? ನಂಗೆ ಬರಲ್ವಲ್ಲ."

"ನಂಗೂ ಬರಲ್ಲ ಕಣೋ," ಎಂದಳು ಲಿಯೋನಾ.