ಕೊಂದವನೇ ಎಬ್ಬಿಸಬೇಕು

ಇದನ್ನ ಕಟ್ಟುಕಥೆ ಅಂತ ಓದೋರು ಈಗಲೇ ಎದ್ದು ಹೋಗಿ, ನಂಗೇನೂ ಬೇಜಾರಿಲ್ಲ. ದೆವ್ವ ಪಿಶಾಚಿ ಅಂದ್ರೆ ನಾನೂ ನಗ್ತಿದ್ದೋಳೇ. ಈಗಲೂ ದೆವ್ವಕ್ಕೆ ಹೆದರಲ್ಲ... ಗಂಡಸರ ಹಟಕ್ಕೆ ಹೆದರ್ತೀನಿ.

ನಮ್ಮೂರು ರಾಯಕೋಟೆ ಹತ್ರ. ನಮ್ಮೆಜಮಾನ್ರು ಮುನಿರಾಜು, ಟೊಮೇಟೊ ಬೆಳೀತಾರೆ. ನನ್ನ ತಮ್ಮ ಸೀನನಿಗೆ ಹೊಸೂರಲ್ಲಿ ಫ್ಯಾಕ್ಟ್ರಿ ಕೆಲಸ, ಅಲ್ಲೇ ಅವಲಪಲ್ಲೀಲಿ ಬಾಡಿಗೆ ಮನೆ. ಈ ಭಾವ-ಬಾಮೈದ ಮಾತು ಬಿಟ್ಟಿದ್ರು. ಕಾರಣ ಕೇಳಿದ್ರೆ ಉಗೀತೀರ. ನಮ್ಮನೆ ಗೃಹಪ್ರವೇಶದ ಊಟದಲ್ಲಿ ಸೀನ ಮೊದಲನೇ ಪಂಕ್ತೀಲಿ ಕೂತಿದ್ದ. ಇವ್ರು ಎಲ್ಲರ ಎದುರಿಗೇ "ನೀನು ಮನೆಯೋನು, ಆಮೇಲೆ ಉಣ್ಣು, ಏಳು" ಅಂದ್ಬುಟ್ರು. ಅಷ್ಟೇ ಕಣ್ರೀ! ಒಂದು ಬಾಳೆ ಎಲೆಗೋಸ್ಕರ "ಸೇಡು ತೀರಿಸ್ಕೊಳ್ದೆ ಬಿಡಲ್ಲ" ಅಂತ ಮೀಸೆ ತಿರುವ್ಕೊಂಡು ಹೋದ. ಆ ಮೀಸೆನೂ ಅಷ್ಟಕ್ಕಷ್ಟೇ.

ಸುಗ್ಗಿ ಆದ್ಮೇಲೆ ನಮ್ಮೂರಲ್ಲಿ ರಾತ್ರಿ ಹೊತ್ತು ನಾಟಕ ಆಡ್ತಾರೆ. ಹಳೇ ದುಃಖದ ನಾಟಕ. ರಾಜ ತನ್ನ ಬಾಮೈದನಿಗೆ ತುಂಬಿದ ಸಭೇಲಿ ಅವಮಾನ ಮಾಡ್ತಾನೆ, ಬಾಮೈದ ರಾಜನ್ನ ಕೊಲ್ತಾನೆ. ಆಮೇಲೆ ಸ್ವಂತ ಅಕ್ಕ ಬಳೆ ಒಡ್ಕೊಳ್ಳೋದು ನೋಡಿ ಹುಚ್ಚನಾಗ್ತಾನೆ. ಸೇಡು ಯಾರನ್ನೂ ಉದ್ಧಾರ ಮಾಡಲ್ಲ ಅಂತ ನಾಟಕದ ಮೇಷ್ಟ್ರು ಹಾರ್ಮೋನಿಯಂ ಒತ್ಕೊಂಡು ಹಾಡ್ತಾರೆ. ಜನ ಕಣ್ಣೊರೆಸ್ಕೋತಾರೆ, ಬೆಳಗಾದ್ರೆ ಬದು ಜಗಳಕ್ಕೆ ಕುಡುಗೋಲು ಹಿಡ್ಕೊಂಡು ಹೊರಡ್ತಾರೆ.

ನಮ್ಮೆಜಮಾನ್ರದ್ದು ಪ್ರತಿ ವರ್ಷಾನೂ ರಾಜನ ಪಾರ್ಟು. ಈ ಸಲ ಬಾಮೈದನ ಪಾರ್ಟು ನಂಗೇ ಬೇಕು ಅಂತ ಸೀನ ಹೊಸೂರಿಂದ ಬಂದು ಕೂತ. ಸಾಯಂಕಾಲ ಆದ್ರೆ ಅಭ್ಯಾಸಕ್ಕೆ ಹಾಜರ್. ಅಕ್ಕನ ಮನೆಗೆ ಮಾತ್ರ ಕಾಲಿಡ್ಲಿಲ್ಲ.

ನಮ್ಮ ನಾಟಕಕ್ಕೆ ಒಂದು ಕಟ್ಟಳೆ ಐತೆ. ರಂಗದ ಮೇಲೆ ಸತ್ತೋನು ತಾನಾಗಿ ಏಳಂಗಿಲ್ಲ. ಕೊಂದ ಪಾತ್ರದೋನೇ ಬಂದು, ಕೈ ಹಿಡಿದು, ಅಣ್ಣಾ, ಮಾವಾ ಅಂತ ಏನು ವರಸೆಯೋ ಅದನ್ನ ಕರೆದು ಎಬ್ಬಿಸ್ಬೇಕು. ವೇಷದ ಸಾವು ವೇಷಕ್ಕೇ ಮುಗೀಲಿ ಅಂತ.

ಅವತ್ತು ಸೀನ ಮರದ ಕತ್ತಿಯಿಂದ ತಿವಿದ, ಇವ್ರು ದೊಪ್ಪನೆ ಬಿದ್ರು. ನಾಟಕ ಮುಗಿದು ಮಂಗಳಾರತಿ ಆಯ್ತು. ಮೇಷ್ಟ್ರು "ಸೀನಪ್ಪಾ, ಎಬ್ಸಪ್ಪಾ" ಅಂದ್ರು. ಸೀನ ಕಿರೀಟ ತೆಗೆದು ಮೂಲೆಗೆಸೆದ.

"ಎಲೆ ಮುಂದಿಂದ ಏಳು ಅಂದವ್ರಲ್ಲ, ಈಗ ತಾವೇ ಎದ್ಕೊಳ್ಲಿ" ಅಂದ. ಬೈಕ್ ಹತ್ತಿ ಹೋಗೇಬುಟ್ಟ.

ಇವ್ರೂ ಕಮ್ಮಿ ಇಲ್ಲ, ಹಟಕ್ಕೆ ಬಿದ್ದಿದಾರೆ ಅಂದ್ಕೊಂಡೆ. ಜನ ಚಾಪೆ ಸುತ್ಕೊಂಡು ಹೊರಟ್ರು. ಲೈಟಿನೋರು ಬಲ್ಬು ಬಿಚ್ಚಿದ್ರು. ಉಳಿದಿದ್ದು ನಾನು, ಮೇಷ್ಟ್ರು, ಒಂದು ಲಾಟೀನು.

"ಸಾಕು ಏಳ್ರೀ, ರಾಜನಂತೆ ರಾಜ" ಅಂತ ಭುಜ ಅಲ್ಲಾಡಿಸ್ದೆ. ಮೈ ತಣ್ಣಗಿತ್ತು... ಉಸಿರು ಆಡ್ತಿತ್ತು, ಆದ್ರೆ ಅರೆಬರೆ ತೆರೆದ ಕಣ್ಣು ಮಿಟುಕಿಸ್ತಿರಲಿಲ್ಲ.

ಅಷ್ಟರಲ್ಲಿ ಪರದೆ ಹಿಂದೆ ಗೆಜ್ಜೆ ಸದ್ದು. ಘಲ್... ಘಲ್... ಬಣ್ಣದ್ದೂ ಕೊಬ್ಬರಿ ಎಣ್ಣೇದೂ ವಾಸನೆ ಗಪ್ಪಂತ ಬಂತು.

"ಲೇ ರತ್ನಿ... ಅಲ್ಲಿ ಯಾರನ್ನ ಎಬ್ಬಿಸ್ತಿದ್ದೀಯ? ನಾನು ಇಲ್ಲಿದ್ದೀನಲ್ಲ."

ನಮ್ಮೆಜಮಾನ್ರ ದನಿ! ಇವ್ರ ತುಟಿ ನನ್ನ ಕಣ್ಣೆದುರಿಗೇ ಮುಚ್ಚಿತ್ತು. ಲಾಟೀನು ಎತ್ಕೊಂಡು ಪರದೆ ಸರಿಸ್ದೆ. ಯಾರೂ ಇಲ್ಲ. ಬಣ್ಣದ ಪೆಟ್ಟಿಗೆ, ಒಂದು ಮುರಿದ ಕುರ್ಚಿ, ಅಷ್ಟೇ.

"ಅಮ್ಮಾ... ಕೊಂದೋನೇ ಕರೀಬೇಕು. ಬೆಳಗಾಗೋದ್ರೊಳಗೆ ಕರ್ಸಿ" ಅಂತ ಮೇಷ್ಟ್ರು ಪಿಸುಗುಟ್ಟಿದ್ರು.

ಸೀನನಿಗೆ ಫೋನ್ ಹಚ್ಚಿದೆ. ಅವಲಪಲ್ಲಿ ಸೇರ್ಕೊಂಡು ಮಲಗಿದ್ದ, ಮಹಾಶೂರ.

"ನಾಟಕ ಕಣಕ್ಕ ಅದು, ಬೆಳಿಗ್ಗೆ ಬತ್ತೀನಿ ಬಿಡು."

"ಈಗ ಬರ್ದಿದ್ರೆ ನನ್ನ ಹೆಣಾನೇ ನೀನು ನೋಡೋದು ಕಣ್ಲಾ" ಅಂದೆ. ಬಂದ. ಲುಂಗಿ ಉಟ್ಕೊಂಡು, ಕಿವಿ ಹಿಂದೆ ಬಣ್ಣ ಹಂಗೇ ಇತ್ತು. ಸೇಡು ತೀರಿಸ್ಕೊಂಡ ವೀರ ನಡುಗ್ತಾ ನಿಂತ.

"ಮುನಿರಾಜಾ, ಏಳು" ಅಂದ. ಪರದೆ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇವ್ರು ಅಲ್ಲಾಡ್ಲಿಲ್ಲ.

ನಂಗೆ ತಡೀಲಿಲ್ಲ. ಸೀನನ ಕೆನ್ನೆಗೆ ಬಾರಿಸ್ದೆ. "ವರಸೆ ಹಿಡಿದು ಕರೀಲಾ! ಭಾವ ಅನ್ನೋಕೆ ನಾಲಿಗೆ ಸೇದೋಗ್ತದಾ?"

ಅವ್ನು ಮಂಡಿಯೂರಿ ಕೂತ. ಕೈ ಹಿಡ್ಕೊಂಡ. "ಭಾವಾ... ಏಳು ಭಾವ" ಅಂತ ಗೊಳೋ ಅಂದ.

ಗೆಜ್ಜೆ ಸದ್ದು ಪರದೆ ದಾಟಿ ಬಂತು. ಹಲಗೆ ಕಿರ್ ಅಂತು. ನನ್ನ ಪಕ್ಕದಲ್ಲೇ ಹಾದು ಇವ್ರ ತಲೆ ಹತ್ರ ನಿಂತ್ಬುಡ್ತು. ಇವ್ರು ಬಾವಿಯಿಂದ ಮೇಲೆ ಬಂದೋರ ಥರ ಉಸಿರೆಳ್ಕೊಂಡು ಎದ್ದು ಕೂತ್ರು. "ನೀರು" ಅಂದ್ರು.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ನಾನೂ ಅಂದ್ಕೊಂಡೆ.

ಮಾರನೇ ಬೆಳಿಗ್ಗೆ ಇವ್ರು ಏಳ್ಲಿಲ್ಲ. ಅಲ್ಲಾಡಿಸ್ದೆ, ನೀರು ಹೊಯ್ದೆ, ಕಿವೀಲಿ ಕೂಗ್ದೆ. ಸೀನ ಬಂದು ಕೈ ಹಿಡಿದು "ಏಳು ಭಾವ" ಅಂದ ಮೇಲೇ ಕಣ್ಣು ಬಿಟ್ಟಿದ್ದು. ಅವತ್ತಿಂದ ದಿನಾ ಬೆಳಿಗ್ಗೆ ಇದೇ ಕಥೆ. ಫೋನಲ್ಲೇ ಅವನಿಂದ ಕೂಗಿಸಿ ನೋಡಿದ್ವಿ, ಆಗ್ಲಿಲ್ಲ. ಹೊಸೂರು ಡಾಕ್ಟ್ರು ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲ ಅಂದ್ರು. ಎದ್ದ ಮೇಲೆ ಚೆನ್ನಾಗೇ ಇರ್ತಾರೆ, ಉಣ್ತಾರೆ, ತೋಟಕ್ಕೆ ಹೋಗ್ತಾರೆ.

ಸೀನ ಈಗ ಅವಲಪಲ್ಲಿ ಬಿಟ್ಟು ನಮ್ಮ ಪಕ್ಕದ ಮನೇಲಿ ಅವ್ನೆ. ಚೆನ್ನೈ ಕಡೆ ದೊಡ್ಡ ಕೆಲಸ ಕೊಡ್ತೀವಿ ಅಂದ್ರೂ ಹೋಗಂಗಿಲ್ಲ. ಯಾರ ಮುಖ ನೋಡಲ್ಲ ಅಂದಿದ್ನೋ, ಅವ್ರ ಮುಖಾನೇ ದಿನಾ ಮೊದಲು ನೋಡ್ಬೇಕು. ಸಿಟ್ಟಲ್ಲಿ ಕುಯ್ದ್ಕೊಂಡ ಮೂಗು ಮತ್ತೆ ಬರ್ತದಾ? ಥೂ, ಇವ್ರ ಜನ್ಮಕ್ಕೆ!

ಬೈತೀನಿ, ಆದ್ರೆ ಭಯ ಆಗ್ತೈತೆ. ಹೋದ ವಾರದಿಂದ ಸೀನನ ಗಂಟಲು ಕಟ್ಟೈತೆ. ಕಷಾಯ ಆಯ್ತು, ಮಾತ್ರೆ ಆಯ್ತು. ಇವತ್ತು ಬೆಳಿಗ್ಗೆ ಬಾಯಿ ತೆರೆದ್ರೆ ಬರೀ ಗಾಳಿ... ಎಷ್ಟೋ ಹೊತ್ತಾದ ಮೇಲೆ ಚೂರು ದನಿ ಬಂತು, ಇವ್ರ ರೆಪ್ಪೆ ಅಲ್ಲಾಡ್ತು. ಸಾಯಂಕಾಲದಿಂದ ಅಷ್ಟು ದನಿನೂ ಇಲ್ಲ.

ಅದಕ್ಕೇ ಈ ಹೊತ್ತಲ್ಲಿ ಕೂತು ಇದನ್ನೆಲ್ಲ ಹೇಳ್ತಿದ್ದೀನಿ. ಇವ್ರು ಎದುರಿಗೇ ಕೂತವ್ರೆ. ಮಲಗಬೇಡಿ ಅಂತ ಕಾಫಿ ಮೇಲೆ ಕಾಫಿ ಕೊಡ್ತಿದ್ದೀನಿ. ತಲೆ ವಾಲ್ತಾ ಐತೆ.