ಮೊಣಕಾಲಿನ ಪುಡಿ, ತಂಗಿಯ ಜೀವ

ಸವದತ್ತಿ ಗುಡ್ಡದ ತಾಯಿ ಯಲ್ಲಮ್ಮನನ್ನು ನಂಬಿದ ನಿಮ್ಮೆಲ್ಲರಿಗೂ ದೊಡವಾಡದ ಶಾಂತವ್ವನ ಶರಣು. ಹೆಸರಷ್ಟೇ ಶಾಂತವ್ವ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಹೋದ ವರ್ಷ ಕಡಲೆ ಕೀಳುವ ದಿನಗಳು. ಬೆಳಿಗ್ಗೆ ಎಮ್ಮೆ ಹಿಂಡಿ, ಹಾಲಿನ ಕ್ಯಾನ್ ಎತ್ತಿದೆ. ಅದು ಅರ್ಧವೂ ತುಂಬಿರಲಿಲ್ಲ. ಬೆನ್ನಲ್ಲಿ ಒಣ ಕಡ್ಡಿ ಮುರಿದಂತೆ ಆಯಿತು. ಅಲ್ಲೇ ಸಗಣಿಯ ಮೇಲೆ ಕುಸಿದೆ, ಏಳಲಾಗಲಿಲ್ಲ. ಯಜಮಾನರು ಪಕ್ಕದ ಮನೆಯವರ ಟೆಂಪೋದಲ್ಲಿ ಹಾಸಿಗೆ ಹಾಕಿ ಬೈಲಹೊಂಗಲದ ಆಸ್ಪತ್ರೆಗೆ ಒಯ್ದರು. ದಾರಿಯ ಒಂದೊಂದು ತಗ್ಗಿಗೂ ನಾನು ಚೀರಿದ್ದು ಆ ರಸ್ತೆಯ ಊರವರಿಗೆಲ್ಲ ಕೇಳಿಸಿರಬೇಕು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಎಕ್ಸ್‌ರೇ ಬೆಳಕಿಗೆ ಹಿಡಿದು ಕೇಳಿದಳು, "ವಯಸ್ಸೆಷ್ಟರಿ?"

"ಐವತ್ನಾಕು."

"ಎಲುಬು ಎಂಬತ್ತರ ಮುದುಕಿಯವು ಆಗ್ಯಾವ. ಬೆನ್ನಿನ ಎಲುಬೊಂದು ಕುಸದೈತಿ. ಮೊಣಕಾಲ ನೋವಿಗೆ ಸಂತ್ಯಾಗಿನ ಪುಡಿ ಏನರ ತಗೋತಿದ್ರೇನು?"

ತಗೊಳ್ಳುತ್ತಿದ್ದೆ. ವಾರದ ಸಂತೆಗೆ ಒಬ್ಬ ಬರುತ್ತಿದ್ದ. ಕೈಯಲ್ಲಿ ಪುಡಿ ಕಟ್ಟಿದ ಹೆಸರಿಲ್ಲದ ಬಿಳಿ ಚೀಟಿಗಳು, ಬಾಯಲ್ಲಿ ಬೆಲ್ಲ. "ಬೇರಿನ ಪುಡಿ ಅವ್ವಾರ, ಇದರಿಂದ ಏನೂ ತ್ರಾಸ ಇಲ್ಲ" ಅನ್ನುತ್ತಿದ್ದ. ಗುಡ್ಡದ ಮೆಟ್ಟಿಲು ಹತ್ತಲಾರದ ನನ್ನ ಕಾಲುಗಳು ನಾಲ್ಕೇ ದಿನಕ್ಕೆ ಓಡತೊಡಗಿದವು. ತಾಯಿಯ ಕೃಪೆ ಅಂದುಕೊಂಡೆ. ಹದಿನಾಲ್ಕು ತಿಂಗಳು ತಿಂದೆ. ಮುಖ ಊದಿ ದುಂಡಗಾದಾಗ "ಚೆಂದ ಮೈ ತುಂಬೇತಿ" ಅಂದರು ಓಣಿಯ ಹೆಂಗಸರು. ಸಾಲದ್ದಕ್ಕೆ, ಸಂಪಗಾಂವದಲ್ಲಿ ಹೊಲಿಗೆ ಮಷೀನು ತುಳಿದು ಮೊಣಕಾಲು ಹಿಡಿದಿದ್ದ ನನ್ನ ತಂಗಿ ಕಸ್ತೂರಿಗೂ ವರ್ಷವಿಡೀ ನನ್ನ ಕೈಯಾರೆ ಕೊಟ್ಟೆ.

"ಅದರಾಗ ಸ್ಟೀರಾಯ್ಡ್ ಕಲಸಿರತಾರ. ನೋವು ಮುಚ್ಚತೈತಿ, ಒಳಗ ಎಲುಬು ಟೊಳ್ಳ ಮಾಡತೈತಿ" ಅಂದಳು ಡಾಕ್ಟರಮ್ಮ. "ಹಾಲರ ಕುಡೀತೀರೇನು?"

ಮೂರು ಎಮ್ಮೆ ಕಟ್ಟಿದ ಮನೆ. ನಾನು ಹಾಲು ಕುಡಿದದ್ದು ಎರಡು ಬಾಣಂತನದಲ್ಲಿ ಮಾತ್ರ. ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿದರು.

ನಾನು ಮಲಗಿದಲ್ಲಿಂದಲೇ ಫೋನು ಹಚ್ಚಿ ತಂಗಿಗೆ ಒದರಿದೆ: "ಆ ಪುಡಿ ತಿಪ್ಪಿಗೆ ಒಗಿ! ಈಗಿಂದೀಗ ಒಗಿ!"

ಮೂರನೆಯ ದಿನ ನರ್ಸು ಎಂದಿನ ಸಣ್ಣ ಗುಳಿಗೆ ತಂದಾಗ ಅವಳ ಕೈ ನೂಕಿದೆ. "ನನಗ ಇನ್ನ ಯಾವ ಗುಳಿಗಿನೂ ಬ್ಯಾಡ." ಡಾಕ್ಟರಮ್ಮ ಓಡಿ ಬಂದಳು. "ಇದು ಆ ಪುಡ್ಯಾಗಿನ ಸ್ಟೀರಾಯ್ಡರಿ, ಅಳತಿ ಮಾಡಿ ಕೊಡಾಕತ್ತೇನಿ. ಮೆಲ್ಲಕ ಇಳಿಸಬೇಕು. ವರ್ಷಗಟ್ಟಲೆ ತಿಂದು ಒಮ್ಮಿಗೇ ಬಿಟ್ರ ಜೀವಕ್ಕ ಅಪಾಯ."

ತಂಗಿಗೆ ಒಮ್ಮೆಗೇ ಬಿಡಿಸಿದವಳು ನಾನೇ. ಕಸ್ತೂರಿಗೆ ಹಚ್ಚಿದರೆ ಫೋನು ಎತ್ತಲಿಲ್ಲ. ಅವಳ ಗಂಡನೂ ಎತ್ತಲಿಲ್ಲ. ಯಜಮಾನರು ಸಂಪಗಾಂವದ ಬಸ್ಸಿಗೆ ಓಡಿದರು.

ಮಗ್ಗಲು ಹೊರಳಲೂ ಆಗದ ನಾನು ಚಾವಣಿಯನ್ನು ನೋಡುತ್ತ ತಾಯಿಗೆ ಬೈದೆ. ಹೌದು, ಬೈದೆ. "ಎಷ್ಟು ಹುಣ್ಣಿಮಿ ಬಂದೆ ನಿನ್ನ ಗುಡ್ಡಕ್ಕ? ಎಷ್ಟು ಅರಿಷಿಣದ ಭಂಡಾರ ಹಾರಿಸಿದೆ? ಆ ಕಳ್ಳ ಸಂತ್ಯಾಗ ಕುಂತಾಗ ನಿನ್ನ ಕಣ್ಣೆಲ್ಲಿದ್ದುವು? ನನ್ನ ಎಲುಬು ನುಚ್ಚ ಮಾಡಿಕೋ, ಹೋಗಲಿ. ನನ್ನ ಮಾತು ಕೇಳಿ ಆಕಿ ಸತ್ರ ನಿನ್ನ ಹೆಸರು ನನ್ನ ಬಾಯಾಗ ಬರೂದಿಲ್ಲ!" ಪಕ್ಕದ ಹಾಸಿಗೆಯ ಹೆಂಗಸು ಕಿವಿ ಮುಚ್ಚಿಕೊಂಡಳು.

ಮಧ್ಯಾಹ್ನ ಯಜಮಾನರು ತಿರುಗಿ ಬಂದರು. ಬಾಗಿಲಲ್ಲೇ ನಿಂತು ಅಳುತ್ತಿದ್ದರು. ಮುಗಿಯಿತು ಅಂದುಕೊಂಡೆ.

"ಕೆಳಗ ಅದಾಳ," ಅಂದರು. "ಇದ ಆಸ್ಪತ್ರ್ಯಾಗ. ಉಳದಾಳ."

ಮುಂಜಾನೆಯೇ ಕಸ್ತೂರಿ ವಾಂತಿ ಮಾಡಿಕೊಂಡು ನೆಲಕ್ಕೆ ಬಿದ್ದಿದ್ದಳು. ಅವಳ ಗಂಡ ಫೋನು ಮನೆಯಲ್ಲೇ ಬಿಟ್ಟು, ಅವಳನ್ನು ಇಲ್ಲಿಗೆ ಹೊತ್ತು ತಂದಿದ್ದ; ಅದನ್ನು ಯಜಮಾನರಿಗೆ ಅವಳ ನೆರೆಯವರು ಹೇಳಿದ್ದರು. ಹೊಟ್ಟೆ ಕೆಟ್ಟಿದೆ ಅಂತ ಸಲೈನ್ ಹಾಕಿದರು. ರಕ್ತದ ಒತ್ತಡ ಏಳಲೇ ಇಲ್ಲ. ಆಗ ನರ್ಸು ಸೀರೆ ಸಡಿಲಿಸುವಾಗ ಸೆರಗಿನ ಗಂಟಿನಲ್ಲಿ ಒಂದು ಬಿಳಿ ಚೀಟಿ ಸಿಕ್ಕಿತು. ಸಂತೆಯ ಪುಡಿ ತಿಂದು ಒಮ್ಮೆಗೇ ಬಿಟ್ಟಿದ್ದಾಳೆ ಅಂತ ಅಲ್ಲಿದ್ದ ಡಾಕ್ಟರಿಗೆ ತಟ್ಟನೆ ತಿಳಿಯಿತು, ತಕ್ಕ ಇಂಜೆಕ್ಷನ್ ಕೊಟ್ಟರು. ಒಂದು ತಾಸಿನಲ್ಲಿ ತಂಗಿ ಕಣ್ಣು ಬಿಟ್ಟಳು.

ಮರುದಿನ ಗಾಲಿಕುರ್ಚಿಯಲ್ಲಿ ಅವಳನ್ನು ನನ್ನ ಬಳಿ ತಂದರು. "ಎಲ್ಲಾ ಒಗಿ ಅಂದಿದ್ನೆಲ್ಲ, ಒಂದ್ಯಾಕ ಇಟಗೊಂಡಿದ್ದಿ?" ಅಂದೆ.

"ಅಂವಾ ಸಂತಿಗೆ ಬಂದ್ರ ಮಾರಿಗೆ ಒಗಿಯಾಕ," ಅಂದಳು. "ಸಿಟ್ಟು ಇಳಿದಿದ್ದಿಲ್ಲಕ್ಕ."

ಅಲ್ಲಿ ನನಗೆ ಗೊತ್ತಾಯಿತು. ನಾನು ಬೈಯುವ ಮೊದಲೇ ತಾಯಿ ನನ್ನ ತಂಗಿಯ ಹೊಟ್ಟೆಯೊಳಗೆ ಆ ಸಿಟ್ಟು ಇಟ್ಟಿದ್ದಳು. ಅದೇ ಅವಳನ್ನು ಕಾಯಿತು. ಕೈ ಮುಗಿದೆ. ಬೆನ್ನಿಗೆ ಪಟ್ಟಿ ಬಿಗಿದಿತ್ತು, ಬಗ್ಗಲಾಗಲಿಲ್ಲ. ಮಲಗಿಕೊಂಡೇ ಅತ್ತೆ.

ಗುಣವಾಗಲು ತಿಂಗಳುಗಳೇ ಹಿಡಿದವು. ಪವಾಡವೇನೂ ಆಗಲಿಲ್ಲ. ಆ ಗುಳಿಗೆಯನ್ನು ಡಾಕ್ಟರಮ್ಮ ಹಂತಹಂತವಾಗಿ ಇಳಿಸಿದಳು, ಎಲುಬಿಗೆ ಬೇರೆ ಔಷಧ ಕೊಟ್ಟಳು. ಎಳೆಬಿಸಿಲಲ್ಲಿ ಕೂತೆ, ಆಮೇಲೆ ಅಂಗಳ, ಆಮೇಲೆ ಬಸ್ ಸ್ಟ್ಯಾಂಡಿನ ತನಕ ನಡೆದೆ. ಈಗ ಹಿಂಡಿದ ಹಾಲಿನಲ್ಲಿ ಮೊದಲು ನನ್ನ ಲೋಟ ತುಂಬುತ್ತದೆ, ಡೈರಿಗೆ ಉಳಿದದ್ದು. ಕಾಸಿ ತಂದುಕೊಡುವವರು ಯಜಮಾನರು. ಎಳ್ಳಿನ ಚಟ್ನಿಪುಡಿ ಇಲ್ಲದೆ ನನ್ನ ರೊಟ್ಟಿಯಿಲ್ಲ. ಮನೆಯ ಹೆಂಗಸು ಎಲ್ಲರದೂ ಮುಗಿದ ಮೇಲೆ ಗಡಿಗೆ ಕೆರೆದು ಉಣ್ಣುವುದನ್ನು ಪುಣ್ಯ ಅಂತ ಯಾರಾದರೂ ಹೇಳಿದರೆ ನನ್ನ ಎದುರು ಹೇಳಬೇಡಿ.

ಆ ಪುಡಿಯವನು ನಮ್ಮ ಸಂತೆಗೆ ಮತ್ತೆ ಬಂದಿಲ್ಲ. ಇನ್ನೆಲ್ಲೋ ಚೀಲ ಬಿಚ್ಚಿ ಕೂತಿರುತ್ತಾನೆ. ಅದಕ್ಕೇ ಇದನ್ನು ಬರೆದದ್ದು. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಪುಡಿ ತಿನ್ನುತ್ತಿದ್ದರೆ, ಒಗೆಯುವ ಮೊದಲು ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಮೊನ್ನೆ ಹುಣ್ಣಿಮೆಗೆ ಕಸ್ತೂರಿ, ನಾನು ಸವದತ್ತಿ ಗುಡ್ಡಕ್ಕೆ ಹೋದೆವು. ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆವು. ತಾಯಿಯ ಮುಂದೆ ನಿಂತಾಗ ಬಾಯಿ ತಡೆಯಲಿಲ್ಲ, ಮತ್ತೆ ಒಂದಿಷ್ಟು ಜಗಳ ಆಡಿದೆ. "ಸಮಾಧಾನ ಬೇಡಿಕೋರಿ ಅವ್ವಾ," ಅಂದರು ಪೂಜಾರಿ.

ಬೇಡಲಿಲ್ಲ. "ತಂಗಿನ್ನ ತಿರುಗಿ ಕೊಟ್ಟಿ, ಸಾಯೂತನಕ ನಾ ನಿನ್ನಾಕಿ," ಅಂದೆ. "ಆದ್ರ ಈ ಸಿಟ್ಟು ಕಸಗೋಬ್ಯಾಡ ತಾಯಿ. ಇನ್ನ ಭಾಳ ಸಂತಿ ಅದಾವ."